ಒಡೆದ ಭಾಗವನ್ನು ಎಸೆಯಬೇಡಿ: ಬೆಳಗಾವಿ ಸೀಮೆಯಲ್ಲಿ ಹಳೆಯ ಕಾರು ಮತ್ತು ಉಪಕರಣಗಳ ಜೀರ್ಣೋದ್ಧಾರ

ಬೆಳಗಾವಿ ಸೀಮೆಯಲ್ಲಿ ಗುಜರಿ ಸಾಮಾನಿಗೆ ‘ಭಂಗಾರ’ ಎನ್ನುತ್ತಾರೆ. ಮರಾಠಿಯಿಂದ ಬಂದ ಈ ಶಬ್ದವನ್ನು ಬೆಂಗಳೂರು ಕಡೆಯವರು ಮೊದಲ ಸಲ ಕೇಳಿದಾಗ ಬಂಗಾರವೆಂದೇ ತಿಳಿದು ಬೆರಗಾಗುವುದುಂಟು. ಹಳೆಯ ಕಾರು, ಹಳೆಯ ಉಪಕರಣಗಳ ಹುಚ್ಚು ಹತ್ತಿದವರಿಗಾದರೋ ಈ ಎರಡು ಶಬ್ದಗಳ ನಡುವಿನ ಅಂತರ ಒಂದು ಮಹಾಪ್ರಾಣದಷ್ಟೇ.

ಹಲವು ವರ್ಷಗಳ ಹಿಂದೆ ನಾನು ಒಂದು ಲ್ಯಾಂಡ್‌ಮಾಸ್ಟರ್ ಕಾರನ್ನು ಬಿಚ್ಚುತ್ತಿದ್ದಾಗ ಅದರ ಎಗ್ಸಾಸ್ಟ್ ಮ್ಯಾನಿಫೋಲ್ಡ್ (ಎಂಜಿನ್ನಿನ ಹೊಗೆಯನ್ನು ಹೊರಗೊಯ್ಯುವ ಎರಕದ ಕೊಳವೆ) ಎರಡು ಕಡೆ ಸೀಳಿರುವುದು ಕಂಡಿತು. ಇನ್ನು ಇದು ಯಾವ ಕೆಲಸಕ್ಕೂ ಬಾರದೆಂದು ಉಳಿದ ಬೀಡು ಕಬ್ಬಿಣದ ಜೊತೆಗೆ ಅದನ್ನೂ ತೂಕಕ್ಕೆ ಹಾಕಿಬಿಟ್ಟೆ. ಹೊಸದನ್ನು ಎರಕ ಹೊಯ್ಯಿಸೋಣವೆಂದು ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗಕ್ಕೆ ಹೋದಾಗ, ಎರಕಕ್ಕೆ ಮರದ ಮಾದರಿ ಕೆತ್ತುವ ಅಲ್ಲಿನ ಹಿರಿಯ ಪ್ಯಾಟರ್ನ್ ಮಿಸ್ತ್ರಿಯೊಬ್ಬರು ಒಂದೇ ಮಾತು ಕೇಳಿದರು: “ಒಡದದ್ದ ಒಗದ ಬಂದ್ರ ನಾವು ಯಾದನ್ನ ನೋಡಿ ಮಾಡೂನ್ರಿ, ಸಾಹೇಬ್ರ?” ಅದೇ ಮಾದರಿಯ ಇನ್ನೊಂದು ಮ್ಯಾನಿಫೋಲ್ಡನ್ನು ಕೊಲ್ಹಾಪುರದಿಂದ ಎರವಲು ತರುವ ಹೊತ್ತಿಗೆ ಏಳು ತಿಂಗಳು ಕಳೆದಿದ್ದವು. ಈ ಲೇಖನದಲ್ಲಿ ಹೇಳುವ ಎಲ್ಲ ಹಂತಗಳೂ ಆ ಒಂದು ಪ್ರಶ್ನೆಯ ಸುತ್ತ ಇವೆ. ಬೆಳಗಾವಿಯಂಥ ಎರಕದ ಊರಿನಲ್ಲಿ ಸಿಗದ ಭಾಗವನ್ನು ಮಾಡಿಸಿಕೊಳ್ಳಬಹುದು, ಆದರೆ ಮಾಡುವವನ ಕೈಗೆ ಮೂಲದ ತುಂಡಾದರೂ ಇರಬೇಕು.

ಮೊದಲ ಹಂತ: ಕೊಳ್ಳುವ ಮುನ್ನ ತಗಡನ್ನೂ ಕಾಗದವನ್ನೂ ನೋಡುವುದು

ನಮ್ಮ ಭಾಗದಲ್ಲಿ ಈಗಲೂ ಕೈಗೆ ಎಟಕುವ ಹಳೆಯ ವಾಹನಗಳೆಂದರೆ ಅಂಬಾಸಡರ್, ಫಿಯೆಟ್ 1100 ಮತ್ತು ಅದರ ಮುಂದಿನ ರೂಪವಾದ ಪ್ರೀಮಿಯರ್ ಪದ್ಮಿನಿ, ವಿಲ್ಲಿಸ್ ಮಾದರಿಯ ಜೀಪುಗಳು, ಅಪರೂಪಕ್ಕೆ ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್. ಎರಡನೇ ಮಹಾಯುದ್ಧಕ್ಕಿಂತ ಹಿಂದಿನ ಷೆವರ್ಲೆ, ಫೋರ್ಡ್‌ಗಳು ಹಳೆಯ ವಾಡೆಗಳ ಹಿತ್ತಿಲಲ್ಲಿ ಇಲ್ಲವೇ ಇಲ್ಲ ಎನ್ನಲಾರೆ, ಆದರೆ ಮೊದಲ ಸಲ ಈ ಕೆಲಸಕ್ಕೆ ಇಳಿಯುವವರು ಅವುಗಳ ಗೊಡವೆಗೆ ಹೋಗದಿರುವುದು ಒಳ್ಳೆಯದು. ಕಲಿಯುವುದಕ್ಕೆ ಫಿಯೆಟ್ ಅಥವಾ ಅಂಬಾಸಡರ್ ಲೇಸು: ಬಿಡಿಭಾಗಗಳು ಮುಂಬೈ, ಪುಣೆಗಳಲ್ಲಿ ಇನ್ನೂ ಸಿಗುತ್ತವೆ, ಅವುಗಳ ಮೇಲೆ ಕೈ ಪಳಗಿದ ಮಿಸ್ತ್ರಿಗಳು ಇನ್ನೂ ಇದ್ದಾರೆ.

ಕಾರು ಯಾವ ಊರಿನಲ್ಲಿ ನಿಂತಿತ್ತು ಎಂಬುದು ಅದರ ಮೀಟರಿನಲ್ಲಿರುವ ಕಿಲೋಮೀಟರಿಗಿಂತ ಮುಖ್ಯ. ವಿಜಯಪುರ, ಬಾಗಲಕೋಟೆಗಳ ಒಣ ಹವೆಯಲ್ಲಿ ನಿಂತ ಕಾರಿನ ರಬ್ಬರು ಬಿರಿದಿರುತ್ತದೆ, ಡ್ಯಾಶ್‌ಬೋರ್ಡು ಬಣ್ಣಗೆಟ್ಟಿರುತ್ತದೆ, ಸೀಟಿನ ಬಟ್ಟೆ ಮುಟ್ಟಿದರೆ ಹರಿಯುತ್ತದೆ, ಆದರೆ ತಗಡು ಬಹುಮಟ್ಟಿಗೆ ಗಟ್ಟಿಯಾಗಿರುತ್ತದೆ. ಚೋರ್ಲಾ ಘಾಟ್ ಹತ್ತಿ ಗೋವೆಯಿಂದ ಅಥವಾ ಕೊಂಕಣದಿಂದ ಬಂದ ಕಾರು ಮೇಲೆ ಮಿಂಚುತ್ತಿದ್ದರೂ ಉಪ್ಪುಗಾಳಿ ಒಳಗಿನಿಂದ ಅದನ್ನು ತಿಂದಿರಬಹುದು. ಬೆಳಗಾವಿ, ಖಾನಾಪುರಗಳದು ಇವೆರಡರ ನಡುವಿನ ಸ್ಥಿತಿ. ಉಪ್ಪಿಲ್ಲ, ಮಳೆ ಮಾತ್ರ ತಿಂಗಳುಗಟ್ಟಲೆ. ರಬ್ಬರು, ಬಟ್ಟೆ, ಬಣ್ಣಗಳನ್ನು ಹೊಸದಾಗಿ ಹಾಕಿಸುವ ಖರ್ಚನ್ನು ಮೊದಲೇ ಅಂದಾಜು ಮಾಡಬಹುದು. ಕೊಳೆತ ತಗಡು ಮಾತ್ರ ಎಷ್ಟು ನುಂಗುತ್ತದೆಂದು ಬಿಚ್ಚುವವರೆಗೂ ತಿಳಿಯುವುದಿಲ್ಲ. ಆದ್ದರಿಂದ ಎರಡು ಕಾರುಗಳ ಬೆಲೆ ಒಂದೇ ಆಗಿದ್ದರೆ ಕಣ್ಣಿಗೆ ಕೊಳಕಾಗಿ ಕಂಡರೂ ವಿಜಯಪುರದ ಕಾರನ್ನೇ ನಾನು ಆರಿಸುವೆ.

ಅಂಬಾಸಡರ್ ಮತ್ತು ಫಿಯೆಟ್ ಎರಡಕ್ಕೂ ಬೇರೆ ಚಾಸಿ ಇಲ್ಲ. ಬಾಡಿಯೇ ಭಾರ ಹೊರುತ್ತದೆ. ಹಾಗಾಗಿ ಬಾಗಿಲ ಕೆಳಗಿನ ಪಟ್ಟಿ, ನೆಲದ ತಗಡು, ಜಾಕ್ ಕೂರುವ ಜಾಗ, ಹಿಂಬದಿಯ ಪಟ್ಟಾ ಸ್ಪ್ರಿಂಗ್ ಬಿಗಿಯುವ ಜಾಗ, ಇವು ಕೊಳೆತಿದ್ದರೆ ಕಾರಿನ ಬೆನ್ನೆಲುಬೇ ಹೋಯಿತೆಂದು ತಿಳಿಯಬೇಕು. ತೆಳುವಾದ ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತವನ್ನು ಬಾಡಿಯ ಮೇಲೆ ಎಳೆಯುತ್ತ ಹೋಗಿ. ಎಲ್ಲಿ ಅದು ಹಿಡಿತ ಬಿಡುತ್ತದೋ ಅಲ್ಲಿ ತಗಡಿಲ್ಲ, ಬಣ್ಣದ ಕೆಳಗೆ ಪುಟ್ಟಿ ಇದೆ. ನಾಲ್ಕೂ ಬಾಗಿಲುಗಳನ್ನು ತೆರೆದು ಮುಚ್ಚಿ ನೋಡಿ. ಜಾಕ್ ಹಾಕಿ ಒಂದು ಬದಿ ಎತ್ತಿದಾಗ ಆ ಬದಿಯ ಬಾಗಿಲು ಬಿಗಿಯಾದರೆ ಬಾಡಿ ಬಳುಕುತ್ತಿದೆ ಎಂದರ್ಥ.

ಜೀಪು ಕೊಳ್ಳುವವರು ಎಂಜಿನ್ನಿನ ಕಡೆ ಹೆಚ್ಚು ಗಮನ ಕೊಡಬೇಕು. ನಮ್ಮ ಕಡೆಯ ಹಳೆಯ ಪೆಟ್ರೋಲ್ ಜೀಪುಗಳಿಗೆ ಯಾವುದೋ ಕಾಲದಲ್ಲಿ ಡೀಸೆಲ್ ಎಂಜಿನ್ ಕೂರಿಸಿರುವುದು ಸಾಮಾನ್ಯ. ಹೊಲಗದ್ದೆಯ ಕೆಲಸಕ್ಕೆ ಅದು ಸರಿಯೇ ಇತ್ತು, ಆದರೆ ಈಗ ಅದು ಕಾಗದಪತ್ರದ ತೊಡಕಾಗುತ್ತದೆ.

ಆ ಕಾಗದಪತ್ರದ ವಿಷಯ ಹೀಗಿದೆ. ಕೇಂದ್ರ ಸರ್ಕಾರವು 2021ರ ಜುಲೈನಲ್ಲಿ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿಯನ್ನು ಜಾರಿಗೊಳಿಸಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಸ್ವಂತ ಬಳಕೆಯ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳು ಇದರ ವ್ಯಾಪ್ತಿಗೆ ಬರುತ್ತವೆ. ಚಾಸಿ, ಬಾಡಿ ಅಥವಾ ಎಂಜಿನ್ನಿನಲ್ಲಿ ಗಣನೀಯ ಬದಲಾವಣೆ ಆಗಿರಬಾರದು. ಡೀಸೆಲ್ ಎಂಜಿನ್ ಹೊತ್ತ ಜೀಪು ಎಡವುವುದು ಇಲ್ಲಿಯೇ. ಅರ್ಜಿಯನ್ನು ನಮೂನೆ 20ರಲ್ಲಿ, ವಿಮೆ ಮತ್ತು ಹಳೆಯ ಆರ್.ಸಿ. ಸಹಿತ ಸಲ್ಲಿಸಬೇಕು, ವಿದೇಶದಿಂದ ತರಿಸಿದ ವಾಹನವಾದರೆ ಕಸ್ಟಮ್ಸಿನ ಬಿಲ್ ಆಫ್ ಎಂಟ್ರಿಯೂ ಬೇಕು. ಹೊಸ ನೋಂದಣಿಗೆ ₹20,000, ಮರುನೋಂದಣಿಗೆ ₹5,000 ಶುಲ್ಕ. ಅವಧಿ 10 ವರ್ಷ. ಹೊಸ ಸಂಖ್ಯೆಯಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿಎ’ ಎಂಬ ಗುರುತು ಇರುತ್ತದೆ. ಈಗಾಗಲೇ ನೋಂದಣಿಯಾಗಿರುವ ವಾಹನಗಳು ತಮ್ಮ ಮೂಲ ಸಂಖ್ಯೆಯನ್ನು ಉಳಿಸಿಕೊಳ್ಳಬಹುದು. ‘ಎಂವೈ’ ಎಂದು ಶುರುವಾಗುವ ಮೈಸೂರು ರಾಜ್ಯದ ಕಾಲದ ಫಲಕ ನಿಮ್ಮ ಕಾರಿನಲ್ಲಿದ್ದರೆ ಅದನ್ನು ಯಾವ ಕಾರಣಕ್ಕೂ ಬಿಟ್ಟುಕೊಡಬೇಡಿ. ವಿಂಟೇಜ್ ನೋಂದಣಿ ಪಡೆದ ಕಾರನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ, ಇಂಧನ ತುಂಬಿಸುವಂಥ ಕೆಲಸಗಳಿಗೆ ಮಾತ್ರ ರಸ್ತೆಗೆ ಇಳಿಸಬಹುದು. ಮದುವೆ ಮೆರವಣಿಗೆಗೆ ಬಾಡಿಗೆ ಬಿಟ್ಟು ಖರ್ಚು ಗಿಟ್ಟಿಸಿಕೊಳ್ಳೋಣ ಎಂದು ಲೆಕ್ಕ ಹಾಕುವವರು ಬಹಳ ಮಂದಿ. ಈ ನೋಂದಣಿಯಲ್ಲಿ ಅದಕ್ಕೆ ಅವಕಾಶವಿಲ್ಲ.

ಗಡಿಭಾಗದಲ್ಲಿರುವ ನಮಗೆ ಇನ್ನೂ ಒಂದು ಸಂಗತಿ ಉಂಟು. ಕೊಲ್ಹಾಪುರ, ಸಾಂಗಲಿಗಳಿಂದ ತರುವ ಮಹಾರಾಷ್ಟ್ರದ ನೋಂದಣಿಯ ಕಾರಿಗೆ ನಮೂನೆ 28ರ ನಿರಾಕ್ಷೇಪಣಾ ಪತ್ರ ಬೇಕು, ಮಾಲೀಕತ್ವ ಬದಲಾವಣೆಗೆ ನಮೂನೆ 29 ಮತ್ತು 30 ಬೇಕು. ಕಾರು ತೀರಿಹೋದ ಅಜ್ಜನ ಹೆಸರಿನಲ್ಲೇ ಉಳಿದಿದ್ದರೆ ಮೊದಲು ವಾರಸುದಾರರು ನಮೂನೆ 31ರ ಮೂಲಕ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ನಾಲ್ಕು ಮಂದಿ ವಾರಸುದಾರರಲ್ಲಿ ಮೂವರು ಸಹಿ ಹಾಕಿ ಒಬ್ಬರು ಪುಣೆಯಲ್ಲಿದ್ದಾರೆಂದು ಹೇಳಿದರೆ ಮುಂಗಡ ಕೊಡದೆ ಮನೆಗೆ ಬನ್ನಿ. ಆರ್.ಸಿ.ಯಲ್ಲಿರುವ ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆಗಳನ್ನು ವಾಹನದ ಮೇಲಿನ ಸಂಖ್ಯೆಗಳ ಜೊತೆ ನೀವೇ ಹೋಲಿಸಿ ನೋಡಬೇಕು. ಬಣ್ಣ ಮುಚ್ಚಿದ್ದರೆ ಥಿನ್ನರ್ ಒರೆಸಿ, ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿದರೆ ಅಂಕಿಗಳು ಮೂಡುತ್ತವೆ.

ಎರಡನೇ ಹಂತ: ಬಿಚ್ಚುವುದು

ಬಿಚ್ಚುವ ಉತ್ಸಾಹದಲ್ಲಿ ಕೆಟ್ಟ ಕಾರುಗಳ ಸಂಖ್ಯೆ ತುಕ್ಕಿನಿಂದ ಕೆಟ್ಟವುಗಳಿಗಿಂತ ಹೆಚ್ಚಿರಬೇಕೆಂಬುದು ನನ್ನ ಗುಮಾನಿ. ಪಾನಾ ಹಿಡಿಯುವ ಮೊದಲು ಮೊಬೈಲ್ ಹಿಡಿಯಿರಿ. ಪ್ರತಿಯೊಂದು ಜೋಡಣೆಯನ್ನು ದೂರದಿಂದ ಒಂದು, ಹತ್ತಿರದಿಂದ ಒಂದು, ಅಳತೆಪಟ್ಟಿಯನ್ನು ಪಕ್ಕದಲ್ಲಿಟ್ಟು ಒಂದು, ಹೀಗೆ ಮೂರು ಚಿತ್ರ ತೆಗೆಯಿರಿ. ವೈರುಗಳ ಎರಡೂ ತುದಿಗೆ ಒಂದೇ ಅಂಕಿ ಬರೆದ ಪಟ್ಟಿ ಕಟ್ಟಿ. ಬೋಲ್ಟುಗಳನ್ನು ಒಂದೇ ಡಬ್ಬಿಗೆ ಸುರಿಯದೆ, ದಪ್ಪ ರಟ್ಟಿನ ಮೇಲೆ ಆಯಾ ಭಾಗದ ಚಿತ್ರ ಬರೆದು ಅದೇ ಸ್ಥಾನದಲ್ಲಿ ಚುಚ್ಚಿಡಿ. ಕೆಲವು ಎಂಜಿನ್ನುಗಳಲ್ಲಿ ನೀರಿನ ಪಂಪಿನ ಬೋಲ್ಟುಗಳೆಲ್ಲ ಒಂದೇ ಉದ್ದವಿರುವುದಿಲ್ಲ, ಉದ್ದನೆಯದನ್ನು ತಪ್ಪು ತೂತಿಗೆ ಹಾಕಿ ಬಿಗಿದರೆ ಹೌಸಿಂಗ್ ಸೀಳುತ್ತದೆ.

ಬಾರದ ನಟ್ಟಿನ ಮೇಲೆ ಬಲ ತೋರಿಸಬಾರದು. ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಟಿಎಫ್ ಎಣ್ಣೆಗೆ ಅಷ್ಟೇ ಅಸಿಟೋನ್ ಬೆರೆಸಿ ಹನಿಸಿ, ರಾತ್ರಿಯಿಡೀ ಬಿಟ್ಟು, ಮರುದಿನ ಸಣ್ಣ ಸುತ್ತಿಗೆಯಿಂದ ತಟ್ಟಿ, ಮೊದಲು ಬಿಗಿಯುವ ದಿಕ್ಕಿಗೆ ಕೂದಲೆಳೆಯಷ್ಟು ತಿರುಗಿಸಿ, ಆಮೇಲೆ ಸಡಿಲಿಸಿ. ಅಸಿಟೋನ್ ಬೇಗ ಹೊತ್ತಿಕೊಳ್ಳುವ ದ್ರವ. ಅದನ್ನು ಬಳಸಿದ ಜಾಗಕ್ಕೆ ಗ್ಯಾಸ್ ಟಾರ್ಚ್ ತರಬೇಡಿ.

ಬ್ರೇಕ್ ಡ್ರಮ್ ತೆಗೆದಾಗ ಒಳಗಿನ ಧೂಳನ್ನು ಕಂಪ್ರೆಸರಿನ ಗಾಳಿಯಿಂದ ಊದುವುದು ನಮ್ಮ ಗ್ಯಾರೇಜುಗಳ ಹಳೆಯ ರೂಢಿ. ಆ ಕಾಲದ ಬ್ರೇಕ್ ಮತ್ತು ಕ್ಲಚ್ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು. ಆ ಧೂಳು ಶ್ವಾಸಕೋಶಕ್ಕೆ ಹೋದರೆ ಹೊರಬರುವುದಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಾಡಿ. ಹಳೆಯ ಬಣ್ಣದಲ್ಲಿ ಸೀಸ ಇರುವ ಸಂಭವವಿರುವುದರಿಂದ ಅದನ್ನೂ ಒಣದಾಗಿ ಉಜ್ಜದೆ ನೀರು ಹಾಕಿಯೇ ಉಜ್ಜಬೇಕು.

ಮೂರನೇ ಹಂತ: ಇಲ್ಲದ ಭಾಗವನ್ನು ಎರಕ ಹೊಯ್ಯಿಸುವುದು

ಮುಂಬೈ, ಪುಣೆಯ ಜುನಾ ಬಜಾರ್, ಬೆಂಗಳೂರಿನ ಜೆ.ಸಿ. ರಸ್ತೆಗಳನ್ನೆಲ್ಲ ಸುತ್ತಿದರೂ ಕೆಲವು ಭಾಗಗಳು ಸಿಗುವುದಿಲ್ಲ. ಆಗ ಬೆಳಗಾವಿಯಲ್ಲಿರುವುದರ ಲಾಭ ತಿಳಿಯುತ್ತದೆ. ಉದ್ಯಮಬಾಗ, ಮಚ್ಛೆಗಳ ಫೌಂಡ್ರಿ ಮತ್ತು ಮಷಿನ್ ಶಾಪುಗಳಲ್ಲಿ ದೇಶದ ವಾಹನ ಕಾರ್ಖಾನೆಗಳಿಗೆ ಬೇಕಾದ ಬಿಡಿಭಾಗಗಳು ದಿನನಿತ್ಯ ತಯಾರಾಗುತ್ತವೆ. ದೊಡ್ಡ ಫೌಂಡ್ರಿಗಳು ಒಂದು ತುಂಡಿನ ಕೆಲಸಕ್ಕೆ ಕೈ ಹಾಕುವುದಿಲ್ಲ. ಅವರನ್ನು ದೂರಿ ಫಲವಿಲ್ಲ. ಜಾಬ್ ವರ್ಕ್ ಮಾಡುವ ಸಣ್ಣ ಫೌಂಡ್ರಿಯನ್ನು ಹುಡುಕಿ, ನಿಮಗೆ ಬೇಕಾದ ದರ್ಜೆಯ ಲೋಹವನ್ನೇ ಅವರು ಬೇರೆ ಕೆಲಸಕ್ಕಾಗಿ ಕರಗಿಸುವ ದಿನ ನಿಮ್ಮ ಅಚ್ಚನ್ನೂ ಸಾಲಿನಲ್ಲಿ ಇಡುವಂತೆ ಕೇಳಿಕೊಳ್ಳಬೇಕು. ತಾಳ್ಮೆಯಿಂದ ಚಹಾ ಕುಡಿಯುವುದು ಈ ಹಂತದ ಬಹುಪಾಲು ಕೆಲಸ.

ಹೊಸಬರು ಮಾಡುವ ದೊಡ್ಡ ತಪ್ಪೆಂದರೆ ಹಳೆಯ ತುಂಡನ್ನೇ ನೇರವಾಗಿ ಮರಳಿನಲ್ಲಿ ಒತ್ತಿಸಿ ಎರಕ ಹೊಯ್ಯಿಸುವುದು. ಕರಗಿದ ಲೋಹ ಗಟ್ಟಿಯಾಗಿ ತಣಿಯುವಾಗ ಕುಗ್ಗುತ್ತದೆ: ಬೀಡು ಕಬ್ಬಿಣ ಸುಮಾರು ಶೇ. 1ರಷ್ಟು, ಅಲ್ಯೂಮಿನಿಯಂ ಸುಮಾರು ಶೇ. 1.3ರಷ್ಟು. 300 ಮಿಲಿಮೀಟರ್ ಉದ್ದದ ಮ್ಯಾನಿಫೋಲ್ಡ್ ಹೀಗೆ ಹೊಯ್ದರೆ 3 ಮಿಲಿಮೀಟರ್ ಗಿಡ್ಡವಾಗಿ ಬರುತ್ತದೆ, ಒಂದು ತುದಿಯ ತೂತು ಕೂತರೆ ಇನ್ನೊಂದು ತುದಿಯದು ಕೂರುವುದಿಲ್ಲ. ಇದಕ್ಕಾಗಿಯೇ ಪ್ಯಾಟರ್ನ್ ಮಿಸ್ತ್ರಿಗಳ ಬಳಿ ಆ ಕುಗ್ಗುವಿಕೆಯನ್ನು ಸೇರಿಸಿಯೇ ಗೆರೆ ಹಾಕಿದ ಅಳತೆಪಟ್ಟಿ ಇರುತ್ತದೆ. ಅದರ ಮೇಲಿನ ಒಂದು ಅಂಗುಲ ನಮ್ಮ ಅಂಗುಲಕ್ಕಿಂತ ತುಸು ಉದ್ದ. ನಿಮ್ಮ ಒಡೆದ ತುಂಡನ್ನು ಜೋಡಿಸಿ, ಅಳೆದು, ಆ ಪಟ್ಟಿಯ ಲೆಕ್ಕದಲ್ಲಿ ಅವರು ಮರದಲ್ಲಿ ಹೊಸ ಮಾದರಿ ಕೆತ್ತುತ್ತಾರೆ. ಮಷಿನ್ ಹಾಯುವ ಮುಖಗಳಿಗೆ 3 ಮಿಲಿಮೀಟರ್ ಹೆಚ್ಚು ದಪ್ಪ ಬಿಡಬೇಕು. ಬೋಲ್ಟಿನ ತೂತುಗಳನ್ನು ಎರಕದಲ್ಲಿ ಬಿಡದೆ ಮುಚ್ಚಿಸಿ, ಕೊನೆಗೆ ಹಳೆಯ ಗ್ಯಾಸ್ಕೆಟ್ಟನ್ನೇ ಗುರುತಿಗಿಟ್ಟು ಕೊರೆಯಿಸಬೇಕು. ಹೊಗೆಯೋ ನೀರೋ ಹರಿಯುವ ಪೊಳ್ಳು ಭಾಗಕ್ಕೆ ಮರಳಿನ ಕೋರ್ (ಪೊಳ್ಳಿನ ಜಾಗಕ್ಕೆ ಲೋಹ ನುಗ್ಗದಂತೆ ಅಚ್ಚಿನೊಳಗೆ ಇಡುವ ತುಂಡು) ಬೇಕು, ಕೋರಿಗೆ ಬೇರೆಯೇ ಪೆಟ್ಟಿಗೆ ಬೇಕು. ಖರ್ಚಿನ ದೊಡ್ಡ ಪಾಲು ಹೋಗುವುದು ಅಲ್ಲಿಗೆ, ಲೋಹಕ್ಕಲ್ಲ. ಹಾಗಾಗಿ ಒಮ್ಮೆ ಪ್ಯಾಟರ್ನ್ ಮಾಡಿಸಿದ ಮೇಲೆ ಒಂದರ ಬದಲು ನಾಲ್ಕು ಹೊಯ್ಯಿಸಿ, ಅದೇ ಕಾರಿರುವ ಇತರರಿಗೆ ಮಾರಿದರೆ ನಿಮ್ಮದು ಬಹುತೇಕ ಪುಕ್ಕಟೆ ಬೀಳುತ್ತದೆ.

ಲೋಹದ ದರ್ಜೆಯನ್ನು ಬಾಯಿಮಾತಿಗೆ ಬಿಡಬೇಡಿ. ಮ್ಯಾನಿಫೋಲ್ಡಿನಂಥ ಭಾಗಕ್ಕೆ ಭಾರತೀಯ ಮಾನಕ 210ರ ಎಫ್‌ಜಿ 200 ಅಥವಾ 260 ದರ್ಜೆಯ ಬೀಡನ್ನು ಕೇಳಬಹುದು. ಗೋಡೆ ತೀರ ತೆಳುವಾಗಿದ್ದರೆ ಲೋಹ ಬೇಗ ತಣಿದು ಅಂಚುಗಳು ಗಾಜಿನಂತೆ ಗಡುಸಾಗುತ್ತವೆ, ಡ್ರಿಲ್ ಅದರ ಮೇಲೆ ಜಾರುತ್ತದೆಯೇ ಹೊರತು ಒಳಗಿಳಿಯುವುದಿಲ್ಲ. ಇದನ್ನು ಫೌಂಡ್ರಿಯವರು ತಾವಾಗಿಯೇ ಹೇಳಿದರೆ ಒಳ್ಳೆಯ ಕೈಗೆ ಬಿದ್ದಿದ್ದೀರೆಂದು ತಿಳಿಯಿರಿ.

ಸೀಳು ಸಣ್ಣದಿದ್ದರೆ ಎರಕದ ಗೊಡವೆಯೇ ಬೇಕಿಲ್ಲ. ಸೀಳಿನ ಎರಡೂ ತುದಿಗೆ ಸಣ್ಣ ತೂತು ಕೊರೆದು ಅದು ಮುಂದೆ ಓಡದಂತೆ ತಡೆದು, ತುಂಡನ್ನು ಸಮನಾಗಿ ಬಿಸಿ ಮಾಡಿ, ನಿಕ್ಕಲ್ ರಾಡಿನಿಂದ ಅಂಗುಲಂಗುಲವಾಗಿ ಬೆಸೆದು, ಪ್ರತಿ ಬೆಸುಗೆಯನ್ನೂ ಹಗುರಾಗಿ ಬಡಿದು, ಕೊನೆಗೆ ಬಿಸಿ ಬೂದಿಯಲ್ಲಿ ಹೂತು ರಾತ್ರಿಯಿಡೀ ತಣಿಯಲು ಬಿಡಬೇಕು. ಬೆಸೆದ ಕೂಡಲೇ ಗಾಳಿಗಿಟ್ಟರೆ ಹಳೆಯ ಸೀಳಿನ ಪಕ್ಕದಲ್ಲೇ ಹೊಸ ಸೀಳು ಬರುತ್ತದೆ.

ಒಂದು ಗೆರೆಯನ್ನು ಮಾತ್ರ ದಾಟಬಾರದು. ಸ್ಟಿಯರಿಂಗ್ ಆರ್ಮ್, ಸ್ಟಬ್ ಆಕ್ಸಲ್ ಮುಂತಾದವು ಮೂಲದಲ್ಲಿ ಬಡಿದು ಮಾಡಿದ ಉಕ್ಕಿನ ಭಾಗಗಳು. ಅವನ್ನು ಎರಕ ಹೊಯ್ಯಿಸುವುದೂ ಬೇಡ, ಬೆಸೆಯುವುದೂ ಬೇಡ. ಡೈ ಪೆನಿಟ್ರೆಂಟ್ ಎಂಬ ಕೆಂಪು ಬಣ್ಣದ ಪರೀಕ್ಷೆಯಲ್ಲಿ ಒಂದು ಕೂದಲಿನಷ್ಟು ಸೀಳು ಕಂಡರೂ ಬೇರೆ ಕಾರಿನಿಂದ ಒಳ್ಳೆಯದನ್ನೇ ತಂದು ಹಾಕಬೇಕು. ಆಗಲೂ ಹಳೆಯದನ್ನು ಚೀಟಿ ಬರೆದು ಪೆಟ್ಟಿಗೆಯಲ್ಲಿಡಿ, ಅಳತೆಗಾದರೂ ಬೇಕಾಗುತ್ತದೆ.

ನಾಲ್ಕನೇ ಹಂತ: ಸರಿಯಾದ ಪಾನಾ, ಹಳೆಯ ಉಪಕರಣಗಳ ಆಯ್ಕೆ

ಫಿಯೆಟ್ಟಿಗೆ ಮೆಟ್ರಿಕ್ ಪಾನಾಗಳು ಸಾಕು. ಅಂಬಾಸಡರ್ ಮತ್ತು ಜೀಪಿಗೆ ಅಂಗುಲದ ಪಾನಾಗಳು ಬೇಕು. ಹಳೆಯ ಬ್ರಿಟಿಷ್ ವಾಹನಗಳಿಗೆ ಇವೆರಡೂ ಅಲ್ಲದ, ಜೋಸೆಫ್ ವಿಟ್ವರ್ತ್ 1841ರಲ್ಲಿ ರೂಪಿಸಿದ ಮರೆಯ (ಬೋಲ್ಟಿನ ಮೇಲಿನ ಸುರುಳಿ ಗೆರೆಯ) ಅಳತೆಯ ಪಾನಾಗಳು ಬೇಕು. ಈ ಪಾನಾಗಳ ಮೇಲಿನ ಅಂಕಿ ಬಾಯಿಯ ಅಗಲವನ್ನು ಹೇಳುವುದಿಲ್ಲ, ಅದು ಹಿಡಿಯುವ ಬೋಲ್ಟಿನ ದಪ್ಪವನ್ನು ಹೇಳುತ್ತದೆ. ಕಾಲಂಗುಲದ ವಿಟ್ವರ್ತ್ ಪಾನಾದ ಬಾಯಿ 0.525 ಅಂಗುಲ, ಅಂದರೆ 13.3 ಮಿಲಿಮೀಟರ್, 13ರ ಪಾನಾ ಅದಕ್ಕೆ ಕೂರುವುದಿಲ್ಲ, 14ರದು ಕೂತು ಮೂಲೆಗಳನ್ನು ಸವೆಸುತ್ತದೆ. ನಮ್ಮ ಹಳೆಯ ಕಾರುಗಳಲ್ಲಿ ದುಂಡಗಾದ ನಟ್ಟುಗಳು ಇಷ್ಟೊಂದು ಕಾಣುವುದಕ್ಕೆ ಇದೇ ಕಾರಣ. ಮರೆಗಳೂ ಹಾಗೆಯೇ ಮೋಸ ಮಾಡುತ್ತವೆ. ಅರ್ಧ ಅಂಗುಲದ ವಿಟ್ವರ್ತ್ ಬೋಲ್ಟಿಗೆ ಅಂಗುಲಕ್ಕೆ 12 ಮರೆಗಳು, ಅಮೆರಿಕನ್ ಯುಎನ್‌ಸಿ ಬೋಲ್ಟಿಗೆ 13. ಮೊದಲ ಎರಡು ಸುತ್ತು ಕೈಯಿಂದಲೇ ತಿರುಗಿ, ಮೂರನೆಯದಕ್ಕೆ ಬಿಗಿಯಾಗಿ, ನಾವು ಬಲ ಹಾಕಿದಾಗ ಬ್ಲಾಕಿನೊಳಗಿನ ಮರೆಯೇ ಕಿತ್ತು ಬರುತ್ತದೆ. ಮರೆ ಅಳೆಯುವ ಗೇಜು ಅಗ್ಗದ ವಸ್ತು. ಮೊದಲು ಅದನ್ನು ಕೊಳ್ಳಿ.

ಹಳೆಯ ಪಾನಾ, ರಂದ (ಮರ ಹೆರೆಯುವ ಉಜ್ಜುಗೊರಡು), ಗಿರಮಿಟ್ಟು, ಶಿಕಂಜಗಳು (ಬಿಗಿಹಿಡಿಯುವ ವೈಸುಗಳು) ಭಂಗಾರದ ಅಂಗಡಿಯಲ್ಲಿ ತೂಕಕ್ಕೆ ಸಿಗುತ್ತವೆ. (ಗಿರಮಿಟ್ಟು ಎಂದರೆ ಹುಬ್ಬಳ್ಳಿಯ ಮಂಡಕ್ಕಿ ತಿಂಡಿಯನ್ನೇ ನೆನೆಯುವ ಹೊಸ ಪೀಳಿಗೆಗೆ ಹೇಳಬೇಕಾದ ಮಾತೆಂದರೆ, ಅದು ಮರ ಕೊರೆಯುವ ಉಪಕರಣವೂ ಹೌದು.) ಬೆಳಗಾವಿ ದಂಡಿನ ಊರಾದ್ದರಿಂದ ಬಾಣದ ಗುರುತಿರುವ ಉಪಕರಣಗಳು ಕಂಡರೆ ಕಣ್ಣಿಟ್ಟು ನೋಡಿ: ಮೇಲ್ಮುಖವಾದ ಮೂರು ಗೆರೆಯ ಬಾಣ ಬ್ರಿಟಿಷ್ ಸೈನ್ಯದ ಮುದ್ರೆ, ಅದರ ಕೆಳಗೆ ‘ಐ’ ಅಕ್ಷರವಿದ್ದರೆ ಅದು ಭಾರತದ ಸೈನ್ಯದ್ದು. ಸ್ಟ್ಯಾನ್ಲಿ ರಂದದಲ್ಲಿ ಅಲಗು ಕೂರುವ ಭಾಗದ ಹಿಂದೆ ಎರಕದಲ್ಲಿ ಪೇಟೆಂಟಿನ ದಿನಾಂಕಗಳಿದ್ದರೆ ಅದರ ಕಾಲವನ್ನು ಅಂದಾಜಿಸಬಹುದು. ಕೊನೆಯ ದಿನಾಂಕ 1910ರ ಏಪ್ರಿಲ್ 19 ಆಗಿದ್ದರೆ ರಂದ ಅದಕ್ಕಿಂತ ಹಳೆಯದಾಗಿರಲಾರದು. ಅಲಗಿನ ಬಾಯಿಯ ಎರಡೂ ಬದಿ ಸೀಳಿದೆಯೇ ಎಂದು ಮರೆಯದೆ ನೋಡಿ, ನೆಲಕ್ಕೆ ಬಿದ್ದ ರಂದ ಸೀಳುವುದು ಅಲ್ಲಿಯೇ. ಕಮ್ಮಾರರ ಅಡಿಗಲ್ಲಾದರೆ ಒಂದು ಬೇರಿಂಗ್ ಗುಂಡನ್ನು ಮೊಳದೆತ್ತರದಿಂದ ಬಿಡಿ. ಬಿಟ್ಟ ಎತ್ತರದ ಮುಕ್ಕಾಲು ಪಾಲು ಮೇಲೆ ಪುಟಿದರೆ ಮುಖ ಗಟ್ಟಿಯಾಗಿದೆ. ಸತ್ತಂತೆ ಬಿದ್ದರೆ ಬೆಂಕಿಗೆ ಸಿಕ್ಕು ಮೆತ್ತಗಾಗಿದೆ, ಇಲ್ಲವೇ ಬರೀ ಬೀಡಿನದು.

ತುಕ್ಕು ತೆಗೆಯಲು ನಮ್ಮ ಕಬ್ಬಿನ ನಾಡಿನಲ್ಲೇ ಒಂದು ಒಳ್ಳೆಯ ಮದ್ದಿದೆ: ಕಾಕಂಬಿ. ಸಕ್ಕರೆ ಕಾರ್ಖಾನೆಯ ಗೇಟಿಗೆ ಡಬ್ಬ ಹಿಡಿದು ಹೋದರೆ ಕೊಡುವುದಿಲ್ಲ, ಅದು ಅಬಕಾರಿ ಲೆಕ್ಕದ ಸರಕು. ಪಶು ಆಹಾರದ ಅಂಗಡಿಗಳಲ್ಲಿ ದನದ ಮೇವಿಗೆಂದು ಮಾರುವುದೇ ಸಾಕು. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು ಬೆರೆಸಿ, ಎಣ್ಣೆ ಜಿಡ್ಡು ತೊಳೆದ ಭಾಗವನ್ನು ಪೂರ್ತಿ ಮುಳುಗಿಸಿ ಒಂದೆರಡು ವಾರ ಬಿಡಿ. ಅದು ತುಕ್ಕನ್ನು ನಿಧಾನವಾಗಿ ಕರಗಿಸುತ್ತದೆ, ಒಳ್ಳೆಯ ಕಬ್ಬಿಣವನ್ನು ಹೆಚ್ಚು ತಿನ್ನುವುದಿಲ್ಲ. ವಾಸನೆ ಮಾತ್ರ ಸಹಿಸಲಸಾಧ್ಯ, ಇರುವೆ ಮತ್ತು ಕಣಜಗಳು ನೆಂಟರಂತೆ ಬರುತ್ತವೆ. ಮನೆಯಿಂದ ದೂರ, ಮುಚ್ಚಳವಿರುವ ಪೀಪಾಯಿಯಲ್ಲಿಡಿ. ಕಾರ್ಬೊರೇಟರಿನಂಥ ಅಲ್ಯೂಮಿನಿಯಂ ಅಥವಾ ಸತುವಿನ ಭಾಗಗಳನ್ನು ಇದಕ್ಕೆ ಹಾಕಬಾರದು, ಅವು ಕರಗಿಹೋಗುತ್ತವೆ.

ಬೇಗ ಆಗಬೇಕೆನ್ನುವವರು ವಿದ್ಯುತ್ತಿನಿಂದ ತೆಗೆಯಬಹುದು. ಪ್ಲಾಸ್ಟಿಕ್ ಟಬ್ಬಿನ ನೀರಿಗೆ ಲೀಟರಿಗೆ ಒಂದು ಚಮಚ ವಾಷಿಂಗ್ ಸೋಡಾ ಹಾಕಿ, ಬ್ಯಾಟರಿ ಚಾರ್ಜರಿನ ಋಣ ತುದಿಯನ್ನು ಉಪಕರಣಕ್ಕೂ ಧನ ತುದಿಯನ್ನು ಬೇಡವಾದ ಕಬ್ಬಿಣದ ಪಟ್ಟಿಗೂ ಕೊಡಿ. ಎರಡೂ ಒಂದನ್ನೊಂದು ತಾಗಬಾರದು. ಪಟ್ಟಿ ಸ್ಟೇನ್‌ಲೆಸ್ ಸ್ಟೀಲಿನದಾಗಿರಲೇಬಾರದು, ಅದರಿಂದ ವಿಷಕಾರಿ ಕ್ರೋಮಿಯಂ ನೀರಿಗೆ ಬಿಡುತ್ತದೆ. ಹೊಮ್ಮುವ ಗುಳ್ಳೆಗಳಲ್ಲಿ ಹೈಡ್ರೋಜನ್ ಇರುವುದರಿಂದ ಬಯಲಲ್ಲೇ ಮಾಡಿ, ಬೀಡಿ ಸಿಗರೇಟು ದೂರವಿರಲಿ. ಸ್ಪ್ರಿಂಗುಗಳನ್ನು ಹೀಗೆ ತೊಳೆದರೆ ಪೆಡಸಾಗಿ ಮುರಿಯಬಹುದು.

ಮರದ ಹಿಡಿಗಳಿಗೆ ಅಗಸೆ ಎಣ್ಣೆ ಹಚ್ಚಿ. ನಾವು ಹಿಂಡಿ ಮಾಡಿ ರೊಟ್ಟಿಗೆ ಹಚ್ಚಿಕೊಳ್ಳುವ ಅಗಸಿಯದೇ ಎಣ್ಣೆ ಮರದೊಳಗೆ ಹೀರಿ ಗಟ್ಟಿಯಾಗುತ್ತದೆ. ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಒಗೆದರೆ ಅದು ಒಳಗೇ ಕಾದು ತಾನಾಗಿ ಹೊತ್ತಿಕೊಳ್ಳಬಲ್ಲದು. ಹರವಿ ಒಣಗಿಸಿ, ಇಲ್ಲವೇ ನೀರಲ್ಲಿ ನೆನೆಸಿ. ತಯಾರಕರ ಮುದ್ರೆ ಇರುವ ಕಡೆ ತಂತಿಯ ಬ್ರಷ್ ಚಕ್ರ ಹಾಯಿಸಬೇಡಿ. ಹೊಸದರಂತೆ ಹೊಳೆಯುವ ಹಳೆಯ ರಂದಕ್ಕೆ ಸಂಗ್ರಾಹಕರು ಕಡಿಮೆ ಬೆಲೆ ಕೊಡುತ್ತಾರೆ, ಅದು ಸರಿಯೂ ಹೌದು.

ಐದನೇ ಹಂತ: ನಿಂತ ಎಂಜಿನ್ನನ್ನು ಎಬ್ಬಿಸುವುದು

ವರ್ಷಗಟ್ಟಲೆ ನಿಂತ ಎಂಜಿನ್ನಿಗೆ ಹೊಸ ಬ್ಯಾಟರಿ ಕಟ್ಟಿ ಸೆಲ್ಫ್ ಹೊಡೆಯುವುದು ಅದರ ಪಿಸ್ಟನ್ ರಿಂಗುಗಳನ್ನು ಮುರಿಯುವ ಸುಲಭ ದಾರಿ. ಪ್ಲಗ್ಗುಗಳನ್ನು ಬಿಚ್ಚಿ ಪ್ರತಿ ಸಿಲಿಂಡರಿಗೂ ಎರಡು ಮೂರು ಚಮಚ ಎಂಜಿನ್ ಎಣ್ಣೆ ಮತ್ತು ಡೀಸೆಲ್ ಮಿಶ್ರಣ ಹನಿಸಿ ನಾಲ್ಕೈದು ದಿನ ಬಿಡಿ. ನಂತರ ಹ್ಯಾಂಡಲ್ಲಿನಿಂದ ಕೈಯಲ್ಲೇ ನಿಧಾನವಾಗಿ ತಿರುಗಿಸಿ ನೋಡಿ. ಅಷ್ಟರೊಳಗೆ ಹಳೆಯ ಎಣ್ಣೆ ಇಳಿಸಿ, ಸಂಪ್ ಬಿಚ್ಚಿ ತಳದ ಕೆಸರು ತೆಗೆಯಿರಿ. ಏರ್ ಫಿಲ್ಟರಿನಲ್ಲಿ ಇಲಿಯ ಗೂಡಿದೆಯೇ ನೋಡಿ. ಟ್ಯಾಂಕಿನ ಪೆಟ್ರೋಲು ಈಗ ಪೆಟ್ರೋಲಾಗಿ ಉಳಿದಿರುವುದಿಲ್ಲ, ಮಾಸಿದ ವಾರ್ನಿಷ್ ಆಗಿರುತ್ತದೆ.

ಬೋರಿಂಗ್ (ಸವೆದ ಸಿಲಿಂಡರನ್ನು ಕೊರೆದು ಅಗಲಿಸುವುದು), ಕ್ರ್ಯಾಂಕ್ ಗ್ರೈಂಡಿಂಗ್ (ಕ್ರ್ಯಾಂಕ್ ಶಾಫ್ಟನ್ನು ಅರೆದು ಸಮ ಮಾಡುವುದು) ಮಾಡಿಸಬೇಕಾಗಿ ಬಂದರೆ ಮೊದಲು ಸಿಗುವ ಪಿಸ್ಟನ್ ಮತ್ತು ಬೇರಿಂಗುಗಳ ಅಳತೆ ಖಚಿತಪಡಿಸಿಕೊಂಡು ಆಮೇಲೆ ಲೋಹ ತೆಗೆಯಿಸಿ. ಕ್ರ್ಯಾಂಕನ್ನು ಸಾಮಾನ್ಯವಾಗಿ ಅಂಗುಲದ ಸಾವಿರ ಭಾಗಗಳಲ್ಲಿ ಹತ್ತು ಹತ್ತರ ಲೆಕ್ಕದಲ್ಲಿ 10, 20, 30 ಎಂದು ಇಳಿಸುತ್ತಾರೆ. 20ಕ್ಕೆ ಇಳಿಸಿದ ಮೇಲೆ ಪೇಟೆಯಲ್ಲಿ ಇರುವುದು 10 ಮತ್ತು 30 ಮಾತ್ರ ಎಂದು ತಿಳಿಯುವುದು ಯಾರಿಗೂ ಬೇಡವಾದ ಅನುಭವ. ದೇಶದಲ್ಲಿ ಸೀಸ ಬೆರೆಸಿದ ಪೆಟ್ರೋಲು 2000ದಲ್ಲಿ ನಿಂತಿತು. ಆ ಸೀಸವೇ ಹಳೆಯ ಎಂಜಿನ್ನುಗಳ ವಾಲ್ವ್ ಸೀಟುಗಳನ್ನು ಸವೆಯದಂತೆ ಕಾಯುತ್ತಿತ್ತು. ಹೆಡ್ ಬಿಚ್ಚಿದಾಗಲೇ ಎಗ್ಸಾಸ್ಟ್ ವಾಲ್ವುಗಳಿಗೆ ಗಡುಸು ಉಕ್ಕಿನ ಸೀಟು ಹಾಕಿಸಿಬಿಡಿ. ಹೊರಗೆ ಕಾಣದ ಈ ಬದಲಾವಣೆಗೆ ಯಾವ ಶುದ್ಧವಾದಿಯೂ ಅಡ್ಡಿ ಹೇಳಲಾರ.

ವೈರಿಂಗ್ ಬಗ್ಗೆ ಎರಡೇ ಮಾತು. ಹಲವು ಹಳೆಯ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಧನ ತುದಿ ಬಾಡಿಗೆ ಕಟ್ಟಿರುತ್ತದೆ. ಅದನ್ನು ನೋಡದೆ ಇಂದಿನ ರೇಡಿಯೊ ಕೂರಿಸಿದರೆ ಸುಟ್ಟುಹೋಗುತ್ತದೆ. ಬಟ್ಟೆ ಸುತ್ತಿದ ಹಳೆಯ ವೈರುಗಳನ್ನು ನಂಬದೆ, ಅದೇ ಬಣ್ಣಗಳ ಹೊಸ ವೈರು ಎಳೆದು ಎರಡು ಫ್ಯೂಸು ಹೆಚ್ಚು ಹಾಕಿ.

ಆರನೇ ಹಂತ: ಬಣ್ಣ

ಬಣ್ಣ ಬಳಿಸುವ ತಿಂಗಳು ಬಣ್ಣದಷ್ಟೇ ಮುಖ್ಯ. ನಮ್ಮಲ್ಲಿ ಡ್ಯೂಕೋ ಎಂದೇ ಕರೆಯುವ ನೈಟ್ರೊಸೆಲ್ಯುಲೋಸ್ ಬಣ್ಣವನ್ನು ಬೆಳಗಾವಿಯ ಮಳೆಗಾಲದಲ್ಲಿ ಹೊಡೆದರೆ ಗಾಳಿಯ ತೇವ ಅದರ ಮೇಲೆ ಕೂತು ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತದೆ. ದೀಪಾವಳಿ ಕಳೆದ ಮೇಲೆ ಶಿವರಾತ್ರಿಯೊಳಗೆ, ಬಿಸಿಲೇರಿದ ಹೊತ್ತಿನಲ್ಲಿ ಮಾಡಿಸಿ. ಮೂಲ ಬಣ್ಣ ಯಾವುದೆಂದು ತಿಳಿಯಲು ಡ್ಯಾಶ್‌ಬೋರ್ಡಿನ ಹಿಂಬದಿ ಅಥವಾ ಬಾಗಿಲ ಪ್ಯಾನಲ್ಲಿನ ಒಳಗೆ ನೋಡಿ, ಅಲ್ಲಿಗೆ ಯಾವ ಪೇಂಟರನ ಗನ್ನೂ ಹೋಗಿರುವುದಿಲ್ಲ. ಬಣ್ಣ ಎಲ್ಲ ಕಡೆ ಇನ್ನೂ ಹಿಡಿದಿದ್ದರೆ, ಮಾಸಿದ್ದರೂ ಸರಿ, ಪಾಲಿಶ್ ಮಾಡಿ ಬಿಟ್ಟುಬಿಡಿ ಎಂಬುದೇ ನನ್ನ ಸಲಹೆ.

ಏಳನೇ ಹಂತ: ಪೆಟ್ರೋಲು, ಮೊದಲ ಓಡಾಟ, ಮಳೆಗಾಲ

ಇಂದು ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇದೆ. ನಮ್ಮದೇ ಕಬ್ಬು ಡಿಸ್ಟಿಲರಿಗೆ ಹೋಗಿ ನಮ್ಮದೇ ಟ್ಯಾಂಕಿಗೆ ಮರಳುತ್ತಿರುವುದು ರೈತರಿಗೆ ಒಳ್ಳೆಯದಿರಬಹುದು, ಹಳೆಯ ಕಾರಿಗೆ ಮಾತ್ರ ಅದು ಒಗ್ಗುವುದಿಲ್ಲ. ಎಥೆನಾಲ್ ಹಳೆಯ ರಬ್ಬರನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ. ಕಾರ್ಬೊರೇಟರಿನಲ್ಲಿ ಪೆಟ್ರೋಲಿನ ಮಟ್ಟ ಕಾಯುವ ಫ್ಲೋಟು ಬೆಂಡಿನದಾಗಿದ್ದರೆ ಅದಕ್ಕೆ ಬಳಿದ ಅರಗನ್ನು ಕರಗಿಸುತ್ತದೆ, ಅರಗಿನ ಪಾಲಿಶನ್ನು ಸ್ಪಿರಿಟಿನಲ್ಲಿ ಕಲಸುವ ಬಡಿಗೇರರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಹೋಸುಗಳು, ಪಂಪಿನ ಡಯಾಫ್ರಮ್ಮು, ವಾಷರುಗಳನ್ನು ಫ್ಲೋರೋ ರಬ್ಬರಿನ ಜಾತಿಗೆ ಬದಲಾಯಿಸಿ, ಹಿತ್ತಾಳೆಯ ಫ್ಲೋಟ್ ಹಾಕಿ. ಎಥೆನಾಲಿಗೆ ಉರಿಯಲು ಗಾಳಿ ಕಡಿಮೆ ಸಾಕಾಗುವುದರಿಂದ ಹಳೆಯ ಜೆಟ್ಟಿನಲ್ಲಿ (ಕಾರ್ಬೊರೇಟರಿನಲ್ಲಿ ಪೆಟ್ರೋಲು ಹಾಯುವ ಸಣ್ಣ ತೂತಿನ ತುಂಡು) ಮಿಶ್ರಣ ತೆಳುವಾಗಿ ಎಂಜಿನ್ ಹೆಚ್ಚು ಕಾಯುತ್ತದೆ. ಪ್ಲಗ್ಗಿನ ತುದಿ ತೆಳು ಕಂದು ಬಣ್ಣದ ಬದಲು ಸುಣ್ಣದಂತೆ ಬಿಳಿಯಾಗಿದ್ದರೆ ಒಂದು ಅಳತೆ ದೊಡ್ಡ ಜೆಟ್ ಹಾಕಿ.

ಮೊದಲ ಓಡಾಟಕ್ಕೆ ಅಂಗಳದಿಂದ ಹತ್ತು ಕಿಲೋಮೀಟರಿನೊಳಗಿನ ಸಮತಟ್ಟು ರಸ್ತೆ ಸಾಕು. ಚೋರ್ಲಾ, ಅಂಬೋಲಿ ಘಾಟುಗಳ ಆಸೆಯನ್ನು ಕೆಲ ತಿಂಗಳು ತಡೆದುಕೊಳ್ಳಿ. ಡ್ರಮ್ ಬ್ರೇಕುಗಳು ಉದ್ದ ಇಳಿಜಾರಿನಲ್ಲಿ ಕಾದು ಹಿಡಿತ ಕಳೆದುಕೊಳ್ಳುತ್ತವೆ. ಮುಂದೆ ಹೋದಾಗಲೂ ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಬೇಕು. ಮರಳಿ ಬಂದು ಎಂಜಿನ್ ಪೂರ್ತಿ ತಣಿದ ಮೇಲೆ ಹೆಡ್ಡಿನ ನಟ್ಟುಗಳನ್ನು ಟಾರ್ಕ್ ಪಾನಾದಿಂದ ಇನ್ನೊಮ್ಮೆ ನೋಡಿ, ಚಕ್ರದ ನಟ್ಟುಗಳನ್ನೂ ನೋಡಿ, ಕಾರಿನ ಕೆಳಗೆ ಬಿಳಿ ರಟ್ಟು ಹಾಸಿಡಿ. ಬೆಳಿಗ್ಗೆ ರಟ್ಟಿನ ಮೇಲೆ ಎಲ್ಲಿ, ಯಾವ ಬಣ್ಣದ ಹನಿ ಬಿದ್ದಿದೆ ಎಂಬುದರಿಂದ ಮುಂದಿನ ವಾರದ ಕೆಲಸ ಗೊತ್ತಾಗುತ್ತದೆ.

ಜೂನ್ ತಿಂಗಳು ಬರುವ ಮುನ್ನ ಟ್ಯಾಂಕ್ ಮತ್ತು ಕಾರ್ಬೊರೇಟರ್ ಎರಡನ್ನೂ ಬರಿದು ಮಾಡಿ, ಏಕೆಂದರೆ ಎಥೆನಾಲ್ ಗಾಳಿಯ ತೇವ ಹೀರಿ ನೀರಿನೊಂದಿಗೆ ತಳಕ್ಕೆ ಇಳಿಯುತ್ತದೆ. ಟೈರುಗಳ ಭಾರ ತಗ್ಗುವಂತೆ ಕಾರನ್ನು ಸ್ಟ್ಯಾಂಡಿನ ಮೇಲೆ ಏರಿಸಿ, ಬ್ಯಾಟರಿ ಬಿಚ್ಚಿ, ಪ್ಲಾಸ್ಟಿಕ್ ತಾಡಪತ್ರಿಯ ಬದಲು ಹತ್ತಿಯ ಬಟ್ಟೆ ಹೊದಿಸಿ. ತಾಡಪತ್ರಿಯೊಳಗೆ ಕೂಡಿಬಿದ್ದ ತೇವ ನಾಲ್ಕು ತಿಂಗಳಲ್ಲಿ ಮಾಡುವ ಹಾನಿ ಬಯಲಲ್ಲಿ ನಿಲ್ಲಿಸಿದ್ದಕ್ಕಿಂತ ಕಡಿಮೆಯೇನಲ್ಲ. ಬಿಸಿಲು ಕಂಡ ದಿನ ಹೊದಿಕೆ ತೆಗೆದು ಬಾಗಿಲುಗಳನ್ನು ತೆರೆದಿಡಿ, ಹ್ಯಾಂಡಲ್ ಹಾಕಿ ಎಂಜಿನ್ನನ್ನು ಕೈಯಿಂದ ನಾಲ್ಕು ಸುತ್ತು ತಿರುಗಿಸಿ.